ಮೇ ತಿಂಗಳಿಗೊಂದು ಸ್ವೆಟರ್

ಅಂಬಡ್

ಮೊದಲು ಒಂದು ತಕರಾರನ್ನು ಬಗೆಹರಿಸಿಬಿಡೋಣ. ಪ್ರವಾಸ ಕಥನ ಬರೆಯುತ್ತೇನೆ ಅಂದಾಗ ಗೆಳತಿಯರು ನಕ್ಕರು. ನಾಸಿಕ್ ಯಾವಾಗಿನಿಂದ ಪರದೇಶವಾಯಿತು, ಸಮುದ್ರ ದಾಟಿದೆಯಾ, ವೀಸಾ ಕೇಳಿದರಾ ಅಂದರು. ನನ್ನ ವಾದ ಇಷ್ಟೇ: ಬೆಳಿಗ್ಗೆ ಹಲ್ಲುಜ್ಜಲು ನಲ್ಲಿ ತಿರುಗಿಸುವ ಮುನ್ನ ದೇವರನ್ನು ನೆನೆಯಬೇಕಾದ ಊರು ಕಲಬುರಗಿಯವರ ಪಾಲಿಗೆ ಪರದೇಶವೇ. ಬಿಸಿಲಿಗೆ ಹುಟ್ಟಿ ಬಿಸಿಲಲ್ಲಿ ಬೆಳೆದ ನಾನು ಜನವರಿಯ ನಾಸಿಕ್‌ಗೆ ಒಂದು ದುಪಟ್ಟಾ ಹೊದ್ದುಕೊಂಡು ಬಂದಿಳಿದಿದ್ದೆ. ಚಳಿ ಎಂಬುದು ಮನಸ್ಸಿನ ಸ್ಥಿತಿ ಎಂದು ರೈಲಿನಲ್ಲಿ ಎದುರು ಕೂತಿದ್ದ ಒಬ್ಬರಿಗೆ ಸಾಧಿಸಿಯೂ ತೋರಿಸಿದ್ದೆ. ಅವರು ಶಾಲನ್ನು ಕಿವಿಯವರೆಗೆ ಎಳೆದುಕೊಂಡಿದ್ದರು. ಅದೇ ಅವರ ಉತ್ತರ ಎಂದು ನನಗೆ ಹೊಳೆದದ್ದು ಸ್ಟೇಷನ್ನಿನಲ್ಲಿ ಇಳಿದ ಮೇಲೆ.

ಇಳಿದುಕೊಂಡದ್ದು ಅಂಬಡ್‌ನಲ್ಲಿ, ಅಪ್ಪನ ತಂಗಿ ಮಹಾದೇವಿ ಅತ್ತೆಯ ಮನೆಯಲ್ಲಿ. ಮಾಮಾ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಗಾಡಿಗಳ ಬಿಡಿಭಾಗ ಮಾಡುತ್ತಾರೆ. ಸಾಲಾಗಿ ಬಾಡಿಗೆ ಕೋಣೆಗಳು, ಪ್ರತಿ ಬಾಗಿಲಲ್ಲೂ ಬೇರೆ ಊರಿನ ಒಗ್ಗರಣೆಯ ವಾಸನೆ. ಅತ್ತೆ ಬಂದು ವರ್ಷಗಳೇ ಆದರೂ ದೇವರ ಜಗಲಿಯ ಮೇಲಿನ ವಿಭೂತಿ ಗಟ್ಟಿ ಊರಿನಿಂದಲೇ ಬರಬೇಕು. ನಾಲಿಗೆಯೂ ಊರಿನದೇ. ಆದರೆ ಕಾಲೇಜಿಗೆ ಹೋಗುವ ಮಗಳು ಸ್ನೇಹಲ್ ಕನ್ನಡದಲ್ಲಿ ಬೈಸಿಕೊಂಡು ಮರಾಠಿಯಲ್ಲಿ ಜವಾಬು ಕೊಡುತ್ತಾಳೆ.

“ಸ್ವೆಟರ್ ತಂದಿಲ್ಲೇನು?” ಅತ್ತೆ ಕೇಳಿದರು.

“ಬೇಕಾಗಂಗಿಲ್ಲ ಬಿಡು ಅತ್ತಿ. ನಾಕ್ ದಿನಕ್ಕ ಯಾರ್ ತಗೋತಾರ?”

“ಹಲ್ಲು ಕಟಕಟ ಅನಲತ್ತಾವ, ಬಾಯಿ ಬೇಕಾಗಂಗಿಲ್ಲ ಅಂತದ. ಯಾವುದು ಖರೇ ಅಂತ ನಂಬಲಿ?”

“ಆಯಿ, ತಿಲಾ ಡಿಬೇಟ್ ಕರೂ ನಕೋ ದೇಊ,” ಅಂದಳು ಸ್ನೇಹಲ್, ನನಗೆ ವಾದ ಮಾಡಲು ಬಿಡಬೇಡ ಎಂದು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಓದಿನ ವರ್ಷಗಳನ್ನೆಲ್ಲ ನಾನು ಕಳೆದದ್ದು ಚರ್ಚಾಸ್ಪರ್ಧೆಗಳಲ್ಲಿ. ಈ ಪ್ರವಾಸಕ್ಕೂ ಅದೇ ಕಾರಣ. ಛತ್ರಪತಿ ಸಂಭಾಜಿನಗರದ ಒಂದು ಕಾಲೇಜು ನನ್ನನ್ನು ತೀರ್ಪುಗಾರ್ತಿಯಾಗಿ ಕರೆದಿತ್ತು. ವಿಷಯ: ‘ಸಂಕಷ್ಟವೇ ಉದ್ಯಮದ ತಾಯಿ, ನಿರಾಶ್ರಿತರೇ ಅದಕ್ಕೆ ಸಾಕ್ಷಿ’. ತೀರ್ಪುಗಾರ್ತಿಗೆ ಪಕ್ಷ ಇರಬಾರದು. ನನಗಿತ್ತು. ನೆಲೆ ತಪ್ಪಿ ಬಂದವನಿಗೆ ನಾವು ನೌಕರಿ ಕೊಡುವುದಿಲ್ಲ, ನೆಲ ಕೊಡುವುದಿಲ್ಲ. ಅವನು ಬೇರೆ ದಾರಿಯಿಲ್ಲದೆ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟು ಕೂತರೆ ‘ಆಹಾ, ಎಂಥ ಛಲ!’ ಎಂದು ಬೆನ್ನು ತಟ್ಟುತ್ತೇವೆ. ಇದು ಮೆಚ್ಚುಗೆಯಲ್ಲ, ಜಾರಿಕೊಳ್ಳುವ ಉಪಾಯ. ಈಜು ಬಾರದವನನ್ನು ಬಾವಿಗೆ ತಳ್ಳಿ, ಕೈಕಾಲು ಬಡಿದದ್ದಕ್ಕೆ ಚಪ್ಪಾಳೆ ಹೊಡೆದ ಹಾಗೆ. ಈ ಸಾಲನ್ನು ನಾನು ಹಲವು ವೇದಿಕೆಗಳಲ್ಲಿ ಹೇಳಿದ್ದೇನೆ, ಹೇಳಿದಾಗೆಲ್ಲ ನನಗೂ ಚಪ್ಪಾಳೆ ಬಿದ್ದಿದೆ.

ಸಂಜೆಯಾಗುವ ಹೊತ್ತಿಗೆ ನನ್ನ ಮನಸ್ಸಿನ ಸ್ಥಿತಿ ಮೂಗಿನಿಂದ ಸುರಿಯತೊಡಗಿತು. ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು.

ಮೈದಾನ

ಚಳಿಗಾಲ ಬಂತೆಂದರೆ ನಾಸಿಕ್‌ನ ಒಂದು ಮೈದಾನದಲ್ಲಿ ಟಿಬೆಟಿಯನ್ನರ ಸ್ವೆಟರ್ ಬಜಾರು ಕೂರುತ್ತದೆ. ನೀಲಿ ತಾಡಪತ್ರಿಯ ಸೂರು, ಎರಡು ಸಾಲು ಸ್ಟಾಲು, ಮೇಲಿನಿಂದ ಕೆಳಗಿನವರೆಗೆ ಬಣ್ಣಬಣ್ಣದ ಉಣ್ಣೆ. ನಮ್ಮಲ್ಲೂ ದೊಡ್ಡ ಊರುಗಳಲ್ಲಿ ಇಂಥವು ಇವೆ. ಆದರೆ ನಿಂತು ನೋಡಿದವಳಲ್ಲ. ಈಗ ನೋಡಿದೆ, ನೋಡಿ ಗೊಂದಲಗೊಂಡೆ. ಎಲ್ಲ ಸ್ಟಾಲಿನಲ್ಲೂ ಹೆಚ್ಚುಕಡಿಮೆ ಅದೇ ಮಾಲು, ಅದೇ ದರ. ಯಾರೂ ಗಿರಾಕಿಯನ್ನು ಕೂಗಿ ಕರೆಯುವುದಿಲ್ಲ. ಪಕ್ಕದ ಸ್ಟಾಲಿನವಳು ಊಟಕ್ಕೆ ಹೋದರೆ ಈಚೆಯವಳು ಅವಳ ಮಾಲನ್ನು ಅವಳ ಪರವಾಗಿ ಮಾರುತ್ತಾಳೆ. ಇದು ವ್ಯಾಪಾರವೋ ಕೂಡುಕುಟುಂಬವೋ?

ಅತ್ತೆ ನನ್ನನ್ನು ಸಾಲಿನ ಕಟ್ಟಕಡೆಗೆ ಎಳೆದುಕೊಂಡು ಹೋದರು. ಜನರೇಟರ್ ಪಕ್ಕದ ಸ್ಟಾಲು, ಅಲ್ಲಿಗೆ ಗಿರಾಕಿ ಕಡಿಮೆ. ಗಿರಾಕಿ ಕಡಿಮೆ ಇದ್ದಲ್ಲಿ ದರ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಅಲ್ಲೊಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತು ಹೆಣೆಯುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಉದ್ದನೆಯ ನಿಲುವಂಗಿ, ಮುಂದೆ ಸೊಂಟಕ್ಕೆ ಕಟ್ಟಿದ ಪಟ್ಟೆಪಟ್ಟೆಯ ಬಟ್ಟೆ. ಅತ್ತೆ ಕಂದು ಬಣ್ಣದ ಸ್ವೆಟರೊಂದನ್ನು ಎತ್ತಿಕೊಂಡು ತಮ್ಮ ಹಿಂದಿಯನ್ನೆಲ್ಲ ಖರ್ಚು ಮಾಡಿದರು. ಹೆಂಗಸು ನಗುತ್ತ ‘ಒಂದೇ ದರ’ ಎಂದು ಬರೆದ ರಟ್ಟಿನತ್ತ ಕೈ ತೋರಿಸಿದರು.

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಸಿಡುಕಿದರು. “ಈ ಮುದುಕಿ ಭಾಳ ಬಿರುಸದ. ಕಲ್ಲಿಗಾದ್ರ ನೀರ್ ಬಂದೀತು, ಇಕಿಗೆ ಕರುಣ ಬರಂಗಿಲ್ಲ. ನಡಿ, ಹೋದಂಗ ಮಾಡಮು. ಹಿಂದಿಂದ ಕರೀತಾಳ.”

ನಾವು ಹೋದ ಹಾಗೆ ಮಾಡಿದೆವು. ಹಿಂದಿನಿಂದ ಕರೆ ಬಂತು.

“ಅಕ್ಕಾರ, ಮುದುಕಿ ಕರಿಯಾಕತ್ತಾಳ್ರಿ. ಕರುಣಾ ಐತ್ರಿ, ದರಾ ಇಳಸೂದು ಇಲ್ರಿ.”

ಅತ್ತೆಯ ಕಾಲು ನೆಲಕ್ಕೆ ಅಂಟಿತು. ತಲೆಯ ಮೇಲಿನ ಸೆರಗನ್ನು ಕಾರಣವಿಲ್ಲದೆ ಸರಿಮಾಡಿಕೊಂಡು, “ಅಗ್ಗಬಾಯಿ! ನಿಮಗ ಕನ್ನಡ ಬರ್ತದೇನ್ರಿ?” ಅಂದರು.

“ಮುಂಡಗೋಡದಾಗ ಹುಟ್ಟೀನ್ರಿ. ಬರಲಾರದ ಏನ್ ಮಾಡತೈತಿ? ನಮ್ಮ ಕ್ಯಾಂಪಿನ ಬಾಜೂ ಊರಿನ ಹುಡುಗ್ಯಾರ ಕೂಡ ಜಗಳಾ ಆಡಿ ಆಡಿ ಕಲ್ತದ್ದು.”

ಹೆಸರು ಪೇಮಾ. ಟಿಬೆಟನ್ನು ಅವರು ನೋಡಿಯೇ ಇಲ್ಲ. ಅಪ್ಪ ಅವ್ವ ಹಿಮದ ಕಣಿವೆ ದಾಟಿ ಬಂದವರು. ಆದರೂ ಸರ್ಕಾರಕ್ಕೆ ಇವರು ನಿರಾಶ್ರಿತರೇ. ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಒಂದು ಕಪ್ ಚಹಾದೊಳಗೆ ಇಬ್ಬರೂ ಮುಂಡಗೋಡದ ಮಳೆ, ಕಲಬುರಗಿಯ ತೊಗರಿ, ಗಂಡಂದಿರ ಗೊರಕೆ ಎಲ್ಲ ಮುಗಿಸಿದರು. ಪೇಮಕ್ಕನ ಗಂಡ ತೀರಿಹೋಗಿದ್ದಾರೆ. ಗೊರಕೆಯಿಲ್ಲದೆ ಮೊದಮೊದಲು ನಿದ್ದೆ ಬರುತ್ತಿರಲಿಲ್ಲ, ಈಗ ಈ ಜನರೇಟರ್ ಇದೆ ಅಂದರು. ಸ್ವೆಟರಿನ ದರ ಮಾತ್ರ ಇಳಿಯಲಿಲ್ಲ.

“ಅಲ್ಲ, ಇಷ್ಟು ಮೂಲಿಗೆ ಯಾಕ ಅಂಗಡಿ ಹಾಕೀರಿ?” ನಾನು ಕೇಳಿದೆ. “ಗೇಟಿನ ಬಾಜೂ ಹಾಕಬೇಕಿಲ್ಲ?”

ಪೇಮಕ್ಕ ಅಲ್ಲಿಯ ಪದ್ಧತಿ ಹೇಳಿದರು. ಬಜಾರು ಎದ್ದುಹೋಗುವ ಕೊನೆಯ ದಿನ ಮುಂದಿನ ವರ್ಷದ ಜಾಗ ಹಂಚುತ್ತಾರೆ. ಒಂದು ಹಿತ್ತಾಳೆ ತಂಬಿಗೆ, ಅದರಲ್ಲಿ ನಂಬರು ಬರೆದ ದೊಡ್ಡ ಕೋಟು ಗುಂಡಿಗಳು. ಮನೆಗೊಬ್ಬರು ಕೈ ಹಾಕಬೇಕು. ಬಂದ ಗುಂಡಿ, ಬಂದ ಜಾಗ. ಇದರಿಂದ ಗೇಟಿನ ಪಕ್ಕದ ಜಾಗ ಯಾರಿಗೂ ಪಿತ್ರಾರ್ಜಿತವಾಗುವುದಿಲ್ಲ. ಆದರೆ ಒಂದು ಕಟ್ಟು ಇದೆ: ಒಂದು ವರ್ಷ ಕೈ ಹಾಕದೆ ಇದ್ದರೆ ಆ ಮನೆ ಹೊರಗೆ. ಜಾಗಕ್ಕಾಗಿ ಕಾಯುವವರು ಬಹಳ ಜನ ಇದ್ದಾರೆ. ಬಿಟ್ಟವರಿಗೆ ಮತ್ತೆ ಒಳಗೆ ದಾರಿಯಿಲ್ಲ.

“ಬರೂ ಐತವಾರ ತಂಬಿಗಿ ಇಡ್ತಾರ,” ಅಂದರು. “ಈ ಸಲ ಕೈ ಹಾಕಬೇಕೋ ಬ್ಯಾಡೋ ಅಂತ ವಿಚಾರ ಮಾಡಾಕತ್ತೀನಿ.”

ಸಂಭಾಜಿನಗರದಲ್ಲಿ ಒಂದು ಪುಟ್ಟ ಅಂಗಡಿ ಸಿಗುವ ಹಾಗಿದೆಯಂತೆ. ವರ್ಷವಿಡೀ ತೆರೆದಿರುವ ಉಣ್ಣೆ ಅಂಗಡಿ. ಎರಡು ದಿನ ಬಿಟ್ಟು ಅದನ್ನು ನೋಡಲು ಹೊರಟಿದ್ದಾರೆ. ವರ್ಷವಿಡೀ! ಮರಾಠವಾಡದ ಬಿಸಿಲಲ್ಲಿ! ನನ್ನೊಳಗಿನ ವಾದಿ ಎದ್ದು ನಿಂತು ಮೈಕು ಸರಿಮಾಡಿಕೊಂಡಳು.

“ನಾನೂ ಅದೇ ದಿನ ಅದೇ ಊರಿಗೆ ಹೊಂಟೀನ್ರಿ,” ಅಂದೆ. “ಕೂಡೇ ಹೋಗೋಣ.”

ಲಾಸಲಗಾಂವ್ ದಾಟುವಾಗ

ಬೆಳಗಿನ ರೈಲು. ನಿಫಾಡ್ ಸುತ್ತ ದ್ರಾಕ್ಷಿ ತೋಟಗಳ ನಡುವೆ ಅಲ್ಲಲ್ಲಿ ಬೆಂಕಿ ಹಾಕಿದ್ದರು. ಹೊಗೆ ಬಳ್ಳಿಗಳ ಸಾಲಿನಲ್ಲೇ ತೆವಳುತ್ತಿತ್ತು. ಚಳಿಗೆ ದ್ರಾಕ್ಷಿ ಕೆಡಬಾರದು ಅಂತ ಕಾಯಿಗೆ ಶಾಖ ಕೊಡುತ್ತಾರೆ ಎಂದು ಎದುರು ಸೀಟಿನವರು ಹೇಳಿದರು. ದ್ರಾಕ್ಷಿಗೂ ಚಳಿ ಒಂದು ಮನಸ್ಸಿನ ಸ್ಥಿತಿಯಲ್ಲ ಎಂಬುದು ಹೀಗೆ ಖಾತ್ರಿಯಾಯಿತು. ನನ್ನ ಮೈಮೇಲೆ ಪೇಮಕ್ಕನ ಕಂದು ಸ್ವೆಟರ್ ಇತ್ತು. ಹತ್ತುವಾಗ ಅದರ ಎಡತೋಳು ಬಾಗಿಲ ಚಿಲಕಕ್ಕೆ ಸಿಕ್ಕಿ ಒಂದು ಎಳೆ ಹೊರಬಂದಿತ್ತು.

ನಾನು ಶುರು ಮಾಡಿದೆ. ಮೊದಲನೆಯದು, ಬೇಸಿಗೆ. ಎರಡನೆಯದು, ಹತ್ತಿರದಲ್ಲಿ ನಿಮ್ಮವರು ಯಾರೂ ಇಲ್ಲ. ಕಾಯಿಲೆ ಬಿದ್ದರೆ ಪಕ್ಕದ ಸ್ಟಾಲಿನವರು ಮಾಲು ಮಾರಿಕೊಡುವುದಿಲ್ಲ. ಮೂರನೆಯದು, ತಂಬಿಗೆ ಬಿಟ್ಟರೆ ಬಿಟ್ಟಂತೆಯೇ. ಇಡೀ ಆಯುಷ್ಯದಲ್ಲಿ ನಿಮಗಿರುವ ಒಂದೇ ಖಾತ್ರಿಯನ್ನು ಕೈಯಾರೆ ಬಿಡುತ್ತಿದ್ದೀರಿ. ಮಾತಿನ ಭರದಲ್ಲಿ ತೋಳಿನ ಎಳೆಯನ್ನು ಬೆರಳಿಗೆ ಸುತ್ತಿ ಎಳೆಯುತ್ತಿದ್ದೆ.

ಪೇಮಕ್ಕ ಹೆಣೆಯುತ್ತಲೇ ಕೇಳಿದರು. “ಎಲ್ಲಾ ಖರೇ ಐತಿ,” ಅಂದರು.

ಒಪ್ಪಿಕೊಂಡವರ ಮೇಲೆ ವಾದ ಮುಂದುವರಿಸುವುದು ಎಷ್ಟು ಕಷ್ಟ ಎಂಬುದು ಆ ವಿದ್ಯೆ ಕಲಿತವರಿಗಷ್ಟೇ ಗೊತ್ತು. ನಾನು ಮೂಲಕ್ಕೇ ಕೈ ಹಾಕಿದೆ. “ನಿಮಗ ಯಾರಾದ್ರೂ ನೌಕರಿ ಕೊಟ್ಟಿದ್ರ ಈ ಸ್ವೆಟರ್ ಧಂದೆ ಮಾಡ್ತಿದ್ರೇನು?”

“ಯಾಕ ಮಾಡ್ತಿದ್ದೆ! ನಮ್ಮಪ್ಪಾರು ಬಂದಾಗ ಅಡವಿ ಕಡದು ಗೋವಿನಜ್ವಾಳ ಹಾಕಿದ್ರು. ಆನಿ ಬಂದು ತಿಂದುವು. ಆನಿ ಬಿಟ್ಟದ್ದು ನಾವು ತಿಂದಿವಿ. ಚಳಿಗಾಲದಾಗ ಹೊಲದಾಗೇನ್ ಕೆಲಸ? ಸ್ವೆಟರ್ ಗಂಟು ಕಟಗೊಂಡು ಊರೂರು ತಿರಗಿದ್ರು. ಛಲಾ ಅಲ್ಲ, ಏನಲ್ಲ. ಹೊಟ್ಟಿ.”

“ನೋಡ್ರಿ, ಅದನ್ನೇ ನಾ ಹೇಳೂದು!” ಎದುರಿನವರು ಬೆಚ್ಚುವ ಹಾಗೆ ತೊಡೆ ತಟ್ಟಿದೆ. “ಹೊಟ್ಟಿಗಿಲ್ಲದ ಮಾಡಿದ್ದಕ್ಕ ಜನ ಸಾಹಸ ಅಂತ ಹೆಸರಿಡ್ತಾರ.”

“ಗೆದ್ದಿ ಬಿಡವಾ,” ಅಂದರು ಪೇಮಕ್ಕ. “ಆದ್ರ ಅದು ನಮ್ಮಪ್ಪನ ಮಾತಾತು. ನಂದು ಕೇಳು. ಈಗ ನನಗ ಸ್ಟಾಲ್ ಐತಿ, ಹೊಟ್ಟಿ ತುಂಬತೈತಿ. ಯಾರೂ ನನ್ನ ದಬ್ಬಾಕತ್ತಿಲ್ಲ. ಹಂಗಿದ್ರೂ ಇದನ್ನ ಬಿಟ್ಟು ಹೊಸಾದು ಮಾಡೂಣು ಅನಸಾಕತ್ತೈತಿ. ಯಾಕ? ನೀ ಶಾಣ್ಯಾಕಿ ಅದೀಯಲ್ಲ, ಹೇಳು.”

ನಮಗೆ ಕಲಿಸುವ ಮೊದಲ ಪಾಠವೇ ಎರಡೂ ಪಕ್ಷಕ್ಕೆ ವಾದ ಹೊಂದಿಸುವುದು. ತಂಬಿಗೆಗೆ ಕೈ ಹಾಕಬೇಕು ಎಂಬುದಕ್ಕೆ ಬೇಕಾದಷ್ಟು ಕಾರಣ ಕೊಟ್ಟಿದ್ದೆ. ಹಾಕಬಾರದು ಎಂಬುದಕ್ಕೆ ಒಂದನ್ನಾದರೂ ಹುಡುಕಿದೆ. ಛಲ ಅನ್ನಲು ನಾಲಿಗೆ ಒಪ್ಪಲಿಲ್ಲ. ಹಸಿವು ಅನ್ನುವ ಹಾಗಿರಲಿಲ್ಲ. ಲಾಸಲಗಾಂವ್ ಬಂತು. ಸ್ಟೇಷನ್ನಿಗಿಂತ ಮೊದಲೇ ಅದರ ಈರುಳ್ಳಿ ವಾಸನೆ ಬೋಗಿಯೊಳಗೆ ಹತ್ತಿತು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ, ಕಣ್ಣು ಒರೆಸಿಕೊಂಡರೂ ನೆಪ ಇತ್ತು.

“ಎಳೀ, ಎಳೀ,” ಅಂದರು ಪೇಮಕ್ಕ. “ಉತ್ತರ ಸಿಗೂತನಾ ಎಳೀ.”

ಕೆಳಗೆ ನೋಡಿದೆ. ಮಡಿಲಲ್ಲಿ ಕಂದು ದಾರದ ಸಣ್ಣ ಗುಡ್ಡೆ. ತೋಳಿನ ಅಂಚು ಮಣಿಕಟ್ಟು ಬಿಟ್ಟು ಮೇಲೇರಿತ್ತು. ನಾನು ಮಾತಾಡುತ್ತ ಅದನ್ನು ಬಿಚ್ಚಿಬಿಟ್ಟಿದ್ದೆ, ಅವರು ಅದನ್ನು ಮೊದಲಿನಿಂದಲೂ ನೋಡುತ್ತಿದ್ದರು!

“ಹೇಳಬಾರದೇನ್ರಿ?”

“ನೀ ಮಾತಾಡಾಕತ್ತಿದ್ದಿ. ನಡುವ ಬಾಯಿ ಹಾಕಬಾರದು ಅಂತಿದ್ಲು ನಮ್ಮವ್ವ.”

ಸಂಭಾಜಿನಗರ: ಕಾಲೇಜು

ಅಂಗಡಿಯ ಮಾಲೀಕರು ಮಧ್ಯಾಹ್ನದ ಮೇಲೆ ಸಿಗುತ್ತೇನೆ ಅಂದಿದ್ದರಿಂದ ಪೇಮಕ್ಕ ನನ್ನ ಜೊತೆ ಕಾಲೇಜಿಗೆ ಬಂದರು. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಹೆಣಿಗೆಯ ಕಡ್ಡಿ ಹೊರತೆಗೆದರು. ಯಾರೂ ಅವರನ್ನು ಕೇಳಲಿಲ್ಲ. ಯಾರದೋ ಅಜ್ಜಿ ಅಂದುಕೊಂಡಿರಬೇಕು.

ಸ್ಪರ್ಧೆ ಹಿಂದಿಯಲ್ಲಿ ನಡೆಯಿತು. ಪರವಾಗಿ ಮಾತಾಡಿದ ಹುಡುಗಿ ನಿರಾಶ್ರಿತನ ಎದೆಯಲ್ಲಿ ಉರಿಯುವ ಜ್ವಾಲೆಯ ಬಗ್ಗೆ ಹೇಳಿದಳು. ವಿರೋಧವಾಗಿ ಎದ್ದ ಹುಡುಗ ಆ ಜ್ವಾಲೆಗೆ ಕಟ್ಟಿಗೆ ಯಾರು ಕೊಡುತ್ತಾರೆ ಅಂತ ಕೇಳಿದ. ನೌಕರಿ ಕೊಡದ ಸಮಾಜ ಹೊಗಳಿಕೆ ಕೊಟ್ಟು ಕೈತೊಳೆದುಕೊಳ್ಳುತ್ತದೆ ಅಂದ. ಅವನ ಒಂದೊಂದು ಮಾತೂ ನನ್ನ ಮಾತೇ. ನನ್ನ ವಾದವನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ತಪ್ಪೊಂದೂ ಇರಲಿಲ್ಲ. ಆದರೂ ನನ್ನ ಕಣ್ಣು ಕೊನೆಯ ಸಾಲಿಗೆ ಹೋಗುತ್ತಿತ್ತು. ವೇದಿಕೆಯ ಮೇಲೆ ನಿರಾಶ್ರಿತ ಎಂಬ ಶಬ್ದ ಬಿದ್ದಾಗೊಮ್ಮೆ ಅಲ್ಲಿ ಕಡ್ಡಿಗಳು ನಿಲ್ಲುತ್ತವೇನೋ ಎಂದು ನೋಡಿದೆ. ನಿಲ್ಲಲಿಲ್ಲ. ಒಮ್ಮೆ ನಿಂತವು, ಆಗ ಪೇಮಕ್ಕ ತೂಕಡಿಸುತ್ತಿದ್ದರು.

ಬಹುಮಾನ ಹುಡುಗನಿಗೇ ಕೊಟ್ಟೆ. ತರ್ಕ ಸರಿಯಿತ್ತು, ಕೊಡದಿರಲು ಕಾರಣವಿರಲಿಲ್ಲ.

ಹೊರಗೆ ಬಂದ ಮೇಲೆ ತಡೆಯಲಾಗದೆ ಕೇಳಿದೆ. “ಹೆಂಗಿತ್ರಿ?”

“ಇಬ್ಬರೂ ಭಾಳ ಚಲೋ ಮಾತಾಡಿದ್ರು. ಆ ಹುಡುಗಿ ಜೋರ್ ಅದಾಳ.” ಸ್ವಲ್ಪ ತಡೆದು ಅಂದರು, “ಆದ್ರ ತಂಗಿ, ಅಕಿ ಅಂಗಡಿ ತಗದಳು. ಅಂವ ಯಾಕ ತಗದಿ ಅಂತ ಕೇಳಿದ. ಅಷ್ಟೊತ್ತನ್ಯಾಗ ಒಬ್ಬರೂ ಗಿರಾಕಿ ಬರಲಿಲ್ಲಲ್ಲ?”

ನಾನು ನಕ್ಕೆ. ನಗುತ್ತಲೇ ರಿಕ್ಷಾಕ್ಕೆ ಕೈ ಮಾಡಿದೆ.

ಸಂಭಾಜಿನಗರ: ದರವಾಜೆಯ ಹಿಂದಿನ ಗಲ್ಲಿ

ಈ ಊರಿಗೆ ಹಳೆಯ ಕಲ್ಲಿನ ದರವಾಜೆಗಳು ಬಹಳ. ಕೋಟೆಗೋಡೆ ಎಷ್ಟೋ ಕಡೆ ಇಲ್ಲ, ದರವಾಜೆ ಇದೆ. ಒಳಗೆ ಹೊರಗೆ ಎಂಬ ಭೇದವೇ ಉಳಿಯದಿದ್ದರೂ ಜನ ಅದರ ಕೆಳಗಿನಿಂದಲೇ ಹಾದುಹೋಗುತ್ತಾರೆ. ಅಂಥದೊಂದು ದರವಾಜೆಯ ಹಿಂದಿನ ಗಲ್ಲಿಯಲ್ಲಿ ರಹೀಂ ಚಾಚಾ ಅವರ ಗಾದಿ ಹೊಲಿಯುವ ಅಂಗಡಿ. ಹತ್ತಿಯ ಧೂಳು ಹುಬ್ಬಿನ ಮೇಲೆ ಕೂತು ಅವರು ಇನ್ನಷ್ಟು ವಯಸ್ಸಾದವರಂತೆ ಕಾಣುತ್ತಿದ್ದರು. ಅಂಗಡಿಯ ಮುಂಭಾಗದಲ್ಲಿ ಒಂದು ಮೂಲೆಯನ್ನು ಮರದ ಹಲಗೆಯಿಂದ ಬೇರ್ಪಡಿಸಿ, ಗಲ್ಲಿಯ ಕಡೆ ಒಂದು ಚಿಕ್ಕ ಶಟರ್ ಹಾಕಿಸಿದ್ದರು. ಪೇಮಕ್ಕ ಆ ಶಟರನ್ನು ಮೇಲಕ್ಕೆ ತಳ್ಳಿದರು, ಕೆಳಕ್ಕೆ ಎಳೆದರು, ಮತ್ತೆ ತಳ್ಳಿದರು. ಜೀವಮಾನವೆಲ್ಲ ತಾಡಪತ್ರಿ ಬಿಚ್ಚಿ ಕಟ್ಟಿದ ಕೈ ಅದು.

ಕಥೆ ಹೇಳಿದ್ದು ಚಾಚಾ, ಹಿಂದಿಯಲ್ಲಿ. ಮಾರದೆ ಉಳಿದ ಮಾಲನ್ನು ಪೇಮಕ್ಕ ಮೊದಲಿನಿಂದಲೂ ಇವರ ಅಟ್ಟದಲ್ಲಿ ಇಡುತ್ತಿದ್ದರು. ಕೊರೋನಾ ಬಂದ ವರ್ಷ ಆ ಮಾಲನ್ನು ಮಾರ್ಚಿನಲ್ಲಿ ನೋಡಿಕೊಂಡು ಹೋಗಲು ಬಂದವರು, ಊರೆಲ್ಲ ಬಂದ್ ಆಗಿ ಇಲ್ಲೇ ಸಿಕ್ಕಿಬಿದ್ದರು. ಚಾಚಾನ ಮನೆಯ ಹೆಂಗಸರ ಜೊತೆ ಮೇಲಿನ ಕೋಣೆಯಲ್ಲಿ ಉಳಿದರು. ಗಲ್ಲಿಯ ಹಿಂದೆ ಒಂದು ಕಟ್ಟಡ ಅರ್ಧಕ್ಕೆ ನಿಂತಿತ್ತು. ಅದರಲ್ಲಿ ನಮ್ಮ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ಕೆಲಸವೂ ಇಲ್ಲದೆ, ಊರಿಗೆ ಹೋಗಲೂ ಆಗದೆ ಕೂತಿದ್ದವು. ಅಲ್ಲಿ ರೇಣುಕಾ ಎಂಬ ಹೆಂಗಸಿಗೆ ಹೆರಿಗೆಯಾಯಿತು.

“ಕೂಸಿನ ತಲಿಮ್ಯಾಲೆ ಹಾಕಾಕ ಒಂದು ಕುಂಚಿಗಿ ಇರಲಿಲ್ಲ,” ಪೇಮಕ್ಕ ನಡುವೆ ಸೇರಿಸಿದರು. “ರೇಣುಕಾನ ಅವ್ವ ಊರಾಗ. ಕುಂಚಿಗಿ ತರೂದು ತವರುಮನಿಯವರು. ಹಾದಿ ಬಂದ್. ಇಕಿ ಅಳಾಕತ್ತಿದ್ಲು. ನಾ ಏನ್ ಮಾಡ್ಲಿ? ಅಟ್ಟದಾಗಿನ ಒಂದು ಸ್ವೆಟರ್ ಬಿಚ್ಚಿ ಹೆಣದು ಕೊಟ್ಟೆ.”

ಕುಂಚಿಗೆ ಅಂದರೆ ಏನೆಂದು ಉತ್ತರ ಕರ್ನಾಟಕದ ಯಾವ ತಾಯಿಗೂ ಹೇಳಬೇಕಿಲ್ಲ. ಹಸುಗೂಸಿನ ತಲೆ, ಕಿವಿ, ಬೆನ್ನು ಮೂರನ್ನೂ ಮುಚ್ಚುವ ಟೋಪಿ. ಬಟ್ಟೆಯಲ್ಲಿ ಹೊಲಿಯುತ್ತಾರೆ. ಉಣ್ಣೆಯಲ್ಲಿ ಹೆಣೆದ ಕುಂಚಿಗೆಯನ್ನು ನಾನು ಕಂಡಿರಲಿಲ್ಲ. ಪೇಮಕ್ಕ ಈಗ ಹೆಣೆಯುತ್ತಿದ್ದುದು ಅದನ್ನೇ. ರೈಲಿನಲ್ಲಿ, ಸಭಾಂಗಣದಲ್ಲಿ ನನ್ನ ಕಣ್ಣೆದುರಿಗೇ ಇತ್ತು. ಏನದು ಅಂತ ಕೇಳಲು ನನಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಆಮೇಲೆ ಇನ್ನೊಬ್ಬಾಕೆ ಕೇಳಿದಳು, ಮತ್ತೊಬ್ಬಾಕೆ ಕೇಳಿದಳು. ಹಾದಿ ತೆರೆದ ಮೇಲೆ ಆ ಕುಟುಂಬಗಳು ಬೇರೆಬೇರೆ ಕೆಲಸಗಳಿಗೆ ಚದುರಿದವು. ಆದರೆ ಎಲ್ಲಿಯೇ ಕೂಸು ಹುಟ್ಟಲಿ, ‘ಆ ಟೋಪಿ ಆಯಿ’ಯನ್ನು ಹುಡುಕಿಕೊಂಡು ಈ ಗಲ್ಲಿಗೆ ಬರತೊಡಗಿದರು. ಪೇಮಕ್ಕ ಇರುತ್ತಿರಲಿಲ್ಲ. ಚಳಿಗಾಲದಲ್ಲಿ ನಾಸಿಕ್, ಉಳಿದಂತೆ ಮುಂಡಗೋಡ. ಚಾಚಾ ಹೊಲಿಗೆ ಬಿಟ್ಟು ಎದ್ದು ಎಲ್ಲರಿಗೂ ಇಲ್ಲ, ಇಲ್ಲ ಎಂದು ಹೇಳಬೇಕು.

“ರೇಣುಕಾನ ತಂಗೀನೂ ಬಂದಿದ್ಲಂತ, ಚೊಚ್ಚಲ ಕೂಸು ಕಟಗೊಂಡು,” ಅಂದರು ಪೇಮಕ್ಕ. “ಬಿಸಲಾಗ ದರವಾಜಿ ನೆರಳಿಗೆ ಕುಂತು ಹೋದ್ಲಂತ. ಇನ್ನೊಂದು ದಿನಾ ಬಂದು ಕುಂತಳಂತ. ಅದನ್ನ ಚಾಚಾ ಫೋನಿನ್ಯಾಗ ಹೇಳಿದಾಗಿಂದ ನನಗ ತಡಿಯಾಕ ಆಗವಲ್ದು. ನಮ್ಮಪ್ಪ ಗಂಟು ಹೊತಗೊಂಡು ಮಂದಿ ಮನಿ ಮುಂದ ಹೋಗಿ ನಿಂತ. ನಾನೂ ವರ್ಷಾ ಹೋಗಿ ಮೈದಾನದಾಗ ಕುಂತೆ. ನಮ್ಮನ್ನ ಹುಡಿಕ್ಯಾಡಕೋತ ಯಾರೂ ಬಂದಿರಲಿಲ್ಲವಾ. ಈಗ ಬಂದಾರ. ಬಂದಾಗ ನಾ ಇಲ್ಲ ಅಂದ್ರ ಹೆಂಗ?”

ರೈಲಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅದೇ ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ನನ್ನ ಚರ್ಚೆಗಳಲ್ಲಿ ಎರಡೇ ಕುರ್ಚಿ ಇರುತ್ತಿದ್ದವು: ಒಂದರಲ್ಲಿ ಛಲ, ಇನ್ನೊಂದರಲ್ಲಿ ಹಸಿವು. ಅಂಗಡಿಯಾಚೆ ಬಿಸಿಲಲ್ಲಿ ಕಾದು ಕೂತ ಮೂರನೆಯವಳಿಗೆ ಜಾಗವೇ ಇರಲಿಲ್ಲ.

ಹಾಗಂತ ನನ್ನ ಬಾಯಿ ಪೂರ್ತಿ ಮುಚ್ಚಲಿಲ್ಲ. “ಆದ್ರ ಬ್ಯಾಸಿಗಿ?” ಅಂದೆ.

“ಕೂಸು ಹುಟ್ಟಾಕ ಥಂಡಿ ಕಾಯ್ತಾವೇನ? ಬ್ಯಾಸಗಿಗೆ ಹತ್ತಿ ನೂಲಿಂದು ಹೆಣೀತೀನಿ.”

ಚಾಚಾ ಕತ್ತರಿ ಕೆಳಗಿಟ್ಟು ಒಂದೇ ಮಾತು ಹೇಳಿದರು. ನಾಸಿಕ್ ತಂಬಿಗೆಯಲ್ಲೂ ಕೈ, ಇಲ್ಲೂ ಕೈ ಎಂದಾದರೆ ಈ ಜಾಗ ಬೇಡ. ಚಳಿಗಾಲದಲ್ಲಿ ಶಟರ್ ಮುಚ್ಚಿರುವ ಉಣ್ಣೆ ಅಂಗಡಿ ಗಲ್ಲಿಗೇ ನಗೆಪಾಟಲು. ಯೋಚಿಸಿ ಹೇಳಿ, ಕೊಡಲು ಮನಸ್ಸಿದೆ, ಆದರೆ ಇರುವವರಿಗೆ ಕೊಡುತ್ತೇನೆ ಅಂದರು. ಪೇಮಕ್ಕ ಹೂಂ ಅಂದರೇ ಹೊರತು ಬರುತ್ತೇನೆ ಎನ್ನಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನನ್ನ ತೋಳು ತೋರಿಸಿ, ಇದನ್ನಾದರೂ ಸರಿಮಾಡಿಕೊಡಿ ಅಂದೆ. ಬಿಚ್ಚಿದ ದಾರವನ್ನು ಅವರು ಉಂಡೆ ಕಟ್ಟಿ ನನ್ನ ಚೀಲಕ್ಕೆ ಹಾಕಿದರು. ತೋಳಿನ ಕೊನೆಗೆ ಗಂಟು ಬಿಗಿದು, “ಸದ್ಯಕ್ಕ ಇಷ್ಟ. ಮೇ ತಿಂಗಳದಾಗ ತಗೊಂಡು ಬಾ,” ಅಂದರು.

“ಎಲ್ಲಿಗೆ?”

ಪೇಮಕ್ಕ ನನ್ನ ಚೀಲದ ಬಾಯಿ ಬಿಗಿದರು. ಆ ಹೊತ್ತಿಗೆ ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಮತ್ತೆ ಮೈದಾನ

ಭಾನುವಾರ ಅತ್ತೆ ನನಗಿಂತ ಮೊದಲೇ ತಯಾರಾಗಿ ನಿಂತಿದ್ದರು. “ನಾವು ಯಾಕ ಹೋಗಲತ್ತೀವಿ ಅತ್ತಿ? ಅದು ಅವರ ಸಭಾ,” ಅಂದರೆ, “ನಮ್ಮಾಕಿ ಒಬ್ಬಾಕಿ ಅದಾಳಲ್ಲ,” ಅಂದರು. ದರ ಇಳಿಸದ ಮುದುಕಿ ಅಷ್ಟು ದಿನದಲ್ಲಿ ನಮ್ಮಾಕೆಯಾಗಿದ್ದಳು.

ತಾಡಪತ್ರಿ ಅರ್ಧ ಬಿಚ್ಚಿತ್ತು. ಗಂಟುಗಳ ನಡುವೆ ಜಮಖಾನ ಹಾಸಿ ಎಲ್ಲ ಮನೆಯವರೂ ಕೂತಿದ್ದರು. ಮೊದಲು ಪ್ರಾರ್ಥನೆ. ಬಳಿಕ ತಾಶಿ ಎಂಬ ಹಿರಿಯರು ಹಿತ್ತಾಳೆ ತಂಬಿಗೆಯನ್ನು ನಡುವೆ ಇಟ್ಟರು. ಭಾಷಣವಿಲ್ಲ, ಚರ್ಚೆಯಿಲ್ಲ. ನಾನು ರ‍್ಯಾಲಿ, ಸಭೆ, ಗೋಷ್ಠಿ ಎಷ್ಟೋ ನೋಡಿದ್ದೇನೆ. ಇಷ್ಟು ದೊಡ್ಡ ವಿಷಯ ಇಷ್ಟು ಕಡಿಮೆ ಮಾತಿನಲ್ಲಿ ನಡೆದದ್ದನ್ನು ನೋಡಿರಲಿಲ್ಲ. ವಯಸ್ಸಿನ ಕ್ರಮದಲ್ಲಿ ಹೆಸರು ಕರೆಯುತ್ತಾರೆ. ಎದ್ದು ಬಂದು ಕೈ ಹಾಕುತ್ತಾರೆ. ಗುಂಡಿ ಎತ್ತಿ ನಂಬರು ತೋರಿಸುತ್ತಾರೆ. ಒಳ್ಳೆಯ ಜಾಗ ಬಂದರೆ ಎಲ್ಲರೂ ಹೋ ಅನ್ನುತ್ತಾರೆ, ಕೆಟ್ಟದ್ದು ಬಂದರೆ ಇನ್ನೂ ಜೋರಾಗಿ ಹೋ ಅನ್ನುತ್ತಾರೆ.

“ಪೇಮಾ.”

ಪೇಮಕ್ಕ ಹೆಣೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಪೇಮಾ.”

ಪಕ್ಕದ ಸ್ಟಾಲಿನಾಕೆ ಅವರ ಮೊಣಕೈ ಮುಟ್ಟಿ ಟಿಬೆಟಿ ಭಾಷೆಯಲ್ಲಿ ಏನೋ ಪಿಸುಗುಟ್ಟಿದಳು. ಅತ್ತೆ ನನ್ನ ಕೈ ಹಿಡಿದರು. ಗಂಡ ಇರುವವರೆಗೆ ಇಬ್ಬರೂ ಜೊತೆಯಾಗಿ ಆ ತಂಬಿಗೆಗೆ ಕೈ ಹಾಕುತ್ತಿದ್ದರು ಎಂದು ಪೇಮಕ್ಕ ಅತ್ತೆಗೆ ಹೇಳಿದ್ದರಂತೆ. ಮನೆಗೊಂದೇ ಕೈ ಎಂಬುದು ನಿಯಮ. ಇವರಿಬ್ಬರದೂ ಒಂದೇ ಕೈ ಅಂದುಕೊಳ್ಳೋಣ ಎಂದು ತಾಶಿ ಬಿಟ್ಟಿದ್ದರು.

“ಪೇಮಾ.”

ಕಡ್ಡಿಗಳು ನಿಂತವು. ಪೇಮಕ್ಕ ಎದ್ದರು. ತಂಬಿಗೆಯ ಹತ್ತಿರ ಹೋಗಿ, ಅದರ ಬಾಯಿಯ ಅಂಚನ್ನು ಒಮ್ಮೆ ಬೆರಳಿನಿಂದ ಮುಟ್ಟಿ ಹಣೆಗೆ ಒತ್ತಿಕೊಂಡರು. ಕೈ ಹಾಕಲಿಲ್ಲ. ಹಿಂದಿರುಗಿ ಬಂದು ಕೂತು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದ ಹೆಣೆಯತೊಡಗಿದರು.

ಅವರು ಬಿಟ್ಟ ಸರದಿ ಜಾಗಕ್ಕಾಗಿ ಕಾಯುತ್ತಿದ್ದವರಲ್ಲಿ ಮೊದಲ ಮನೆಗೆ ಹೋಯಿತು. ಎಳೆಯ ಹೆಂಗಸೊಬ್ಬಳು ಎದ್ದು, ಪೇಮಕ್ಕನಿಗೆ ತಲೆಬಾಗಿ, ಕಣ್ಣು ಮುಚ್ಚಿ ಗುಂಡಿ ಎತ್ತಿದಳು. ಗೇಟಿನ ಪಕ್ಕದ ಜಾಗ! ಹೋ ಎಂಬ ಸದ್ದಿಗೆ ಮೈದಾನದ ಕಾಗೆಗಳು ಎದ್ದವು.

“ಅಯ್ಯ ನನ ಕರ್ಮ!” ಅತ್ತೆ ಎದೆ ಬಡಿದುಕೊಂಡರು. “ಅದು ನಿಮಗ ಬರ್ತಿತ್ತಲ್ರಿ ಪೇಮಾಬಾಯಿ!”

“ಇಲ್ಲಕ್ಕಾರ. ನಾ ಹಾಕಿದ್ರ ಜನರೇಟರೇ ಬರ್ತಿತ್ತು. ಅದಕ್ಕ ನನ್ನ ಕೈ ಗುರ್ತೈತಿ,” ಅಂದರು ಪೇಮಕ್ಕ. ನಗುತ್ತಿದ್ದರು. ಕಣ್ಣಂಚು ಮಾತ್ರ ಒದ್ದೆಯಾಗಿತ್ತು, ಲಾಸಲಗಾಂವ್ ಅಲ್ಲಿಂದ ದೂರವಿತ್ತು.

ನಾನು ತಾಶಿಯವರ ಹತ್ತಿರ ಹೋಗಿ, ಮೂರು ಸಲ ಯಾಕೆ ಕರೆಯುತ್ತೀರಿ ಅಂತ ಕೇಳಿದೆ. ಅವರೂ ಮುಂಡಗೋಡದವರೇ. “ಮೊದಲನೇದು ಕಿವಿಗ್ರಿ. ಎರಡನೇದು ಬುದ್ಧಿಗ್ರಿ,” ಅಂದರು. “ಮೂರನೇದು, ನಾಳೆ ನಮಗ ನೀವು ಕರೀಲಿಲ್ಲ ಅನಬಾರದು ಅಂತ್ರಿ. ಅಕಿ ಅನ್ನಾಂಗಿಲ್ಲ ಬಿಡ್ರಿ.” ತಂಬಿಗೆಯನ್ನು ಬಟ್ಟೆಯಲ್ಲಿ ಸುತ್ತುತ್ತ ಮತ್ತೆ ಅಂದರು, “ನಮಗೇನೂ ಆಕಿ ಬಿಟ್ಟು ಹೊಂಟಾಳ ಅಂತ ಸಿಟ್ಟಿಲ್ರಿ. ಆದ್ರ ಜನರೇಟರ್ ಬಾಜೂಕ ಹೆಣಕೋತ ಕುಂದ್ರಾವ್ರು ಯಾರು?”

ಮೇ

ಬೇರೆ ಕೆಲಸವಿತ್ತು, ಹಾಗೇ ಸಂಭಾಜಿನಗರಕ್ಕೆ ಹೋದೆ ಎಂದು ಬರೆಯಬಹುದು. ಇರಲಿಲ್ಲ. ಕಲಬುರಗಿಯಲ್ಲಿ ಟಾರು ಕರಗುವ ದಿನಗಳಲ್ಲಿ ಉಣ್ಣೆಯ ಸ್ವೆಟರನ್ನು ಚೀಲಕ್ಕೆ ತುರುಕಿ ಸೋಲಾಪುರದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ನೀರಿನ ಬಾಟಲಿ ಹುಡುಕುವಾಗ ಸ್ವೆಟರ್ ಹೊರಬಂದು ಪಕ್ಕದ ಸೀಟಿನ ಅಜ್ಜಿಯ ತೊಡೆಯ ಮೇಲೆ ಬಿತ್ತು. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ನಂತರ ಸ್ವಲ್ಪ ಸರಿದು ಕೂತಳು.

ದಾರಿಯುದ್ದಕ್ಕೂ ನನ್ನೊಳಗೆ ಎರಡೂ ಪಕ್ಷ ಮಾತಾಡುತ್ತಿದ್ದವು. ಒಂದು ಉಣ್ಣೆ ಅಂಗಡಿ ಬೇಸಿಗೆಯಲ್ಲಿ ಬದುಕುತ್ತದೆ ಎಂಬುದಕ್ಕೆ ಆಧಾರವಿಲ್ಲ. ತಂಬಿಗೆಯೂ ಹೋಯಿತು. ಮುಚ್ಚಿದ್ದರೆ ಆಕೆ ಎಲ್ಲಿಗೆ ಹೋಗಬೇಕು? ಮುಚ್ಚಿದ್ದರೆ ನನ್ನ ವಾದ ಗೆಲ್ಲುತ್ತದೆ. ಗೆಲುವು ಬೇಡ ಎಂದು ಇಷ್ಟು ಗಟ್ಟಿಯಾಗಿ ನಾನು ಯಾವ ವೇದಿಕೆಯಲ್ಲೂ ಬಯಸಿದ್ದಿಲ್ಲ.

ದರವಾಜೆಯ ಕೆಳಗಿನಿಂದ ಗಲ್ಲಿಗೆ ಹೊಕ್ಕಾಗ ನಡುಮಧ್ಯಾಹ್ನ. ಬಿಸಿಲಿಗೆ ಹೆದರಿ ಅಂಗಡಿಗಳೆಲ್ಲ ಶಟರ್ ಎಳೆದಿದ್ದವು. ಚಾಚಾನ ಅಂಗಡಿಯೂ ಮುಚ್ಚಿತ್ತು. ನಾಯಿಯೊಂದು ಮೋರಿಯ ತಂಪಿಗೆ ಹೊಟ್ಟೆ ಹಚ್ಚಿ ಮಲಗಿತ್ತು. ನಾನು ನಿಂತೆ. ಆ ಸಾಲು ಸಾಲು ಮುಚ್ಚಿದ ಕಬ್ಬಿಣದ ನಡುವೆ ಎಲ್ಲೋ ಒಂದು ಟೇಬಲ್ ಫ್ಯಾನು ಕಟಕಟ ಅನ್ನುತ್ತಿತ್ತು.

ಚಿಕ್ಕ ಶಟರ್ ಅರ್ಧ ಎದ್ದಿತ್ತು. ಬಗ್ಗಿ ಒಳಗೆ ಹೋದೆ.

ಬಿಳಿ ಹತ್ತಿ ನೂಲಿನ ಉಂಡೆಯನ್ನು ಕಾಲ ಬಳಿ ಇಟ್ಟುಕೊಂಡು ಪೇಮಕ್ಕ ಹೆಣೆಯುತ್ತಿದ್ದರು. ಗೋಡೆಯ ಮೇಲೆ ಸಾಲಾಗಿ ಕುಂಚಿಗೆಗಳು, ಒಂದೊಂದೂ ಬೊಗಸೆಯಷ್ಟು. ಫ್ಯಾನಿನ ಗಾಳಿಗೆ ತಲೆಯಾಡಿಸುತ್ತಿದ್ದವು. ಬೇರೆ ಯಾರೂ ಇರಲಿಲ್ಲ.

“ಊಟಾ ಆತೇನು?” ಅಂದರು, ನಿನ್ನೆ ತಾನೇ ನೋಡಿದವರ ಹಾಗೆ.

ಸ್ಟೂಲಿನ ಮೇಲೆ ಕೂತೆ. ಬೆವರು ಒರೆಸಿಕೊಂಡೆ. ಅಭ್ಯಾಸ ಕೆಟ್ಟದ್ದು, ಬಾಯಿ ತಡೆಯಲಿಲ್ಲ. “ಇಂಥಾ ಬಿಸಲಾಗ ಗಿರಾಕಿ ಬರ್ತಾರೇನ್ರಿ ಪೇಮಕ್ಕ?”

ಪೇಮಕ್ಕ ಕಡ್ಡಿ ಕೆಳಗಿಟ್ಟರು. ನನ್ನ ಮಡಿಲಲ್ಲಿದ್ದ ಚೀಲವನ್ನು ನೋಡಿ ಕೈ ಚಾಚಿದರು.

“ತೋಳು ತಗೀ, ನೋಡೂಣು.”